ಕಲಾ ಇತಿಹಾಸದ ಪದವಿ: ಕಾಲೇಜಿನ ಹೆಸರಿಗಿಂತ ಮೊದಲು ವಿಭಾಗ ನೋಡಿ

ಪಿಯುಸಿ ಮುಗಿಸಿದವರಾಗಲಿ, ಬಿಎ ಕೊನೆಯ ವರ್ಷದಲ್ಲಿರುವವರಾಗಲಿ, ಕಲಾ ಇತಿಹಾಸ ಓದಬೇಕೆಂದುಕೊಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬರೋಡಾ ಒಳ್ಳೆಯದೋ, ದೆಹಲಿಯ ಜೆಎನ್‌ಯು (ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ) ಒಳ್ಳೆಯದೋ, ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತೇ ಸಾಕೋ? ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಈ ಮೂರೂ ಕಡೆ ಹೇಳಿಕೊಡುವುದು ಬೇರೆ ಬೇರೆ ವಿದ್ಯೆಯನ್ನು, ಹೆಸರಷ್ಟೇ ಹತ್ತಿರದ್ದು. ನಮ್ಮ ದೇಶದಲ್ಲಿ ಕಲಾ ಇತಿಹಾಸಕ್ಕೆ ಸ್ವಂತ ಮನೆ ಕಡಿಮೆ. ಒಂದೆಡೆ ಕಲಾಶಾಲೆಯಲ್ಲಿ, ಇನ್ನೊಂದೆಡೆ ಇತಿಹಾಸ ಮತ್ತು ಪುರಾತತ್ವ ವಿಭಾಗದಲ್ಲಿ, ಮತ್ತೊಂದೆಡೆ ಸಿನಿಮಾ, ರಂಗಭೂಮಿ ಅಧ್ಯಯನಗಳ ಪಕ್ಕದಲ್ಲಿ, ಇಲ್ಲವೇ ವಸ್ತುಸಂಗ್ರಹಾಲಯದ ಹಿತ್ತಲಲ್ಲಿ ಅದು ಬಾಡಿಗೆಗಿದೆ. ಯಾರ ಮನೆಯಲ್ಲಿದೆಯೋ ಅವರ ಅಡುಗೆ.

ಆದ್ದರಿಂದ ಇಲ್ಲಿ ಹೋಲಿಸಿರುವುದು ದಾರಿಗಳನ್ನು. ಕಾಲೇಜುಗಳ ಹೆಸರು ಆಯಾ ದಾರಿಯಲ್ಲಿ ಬರುತ್ತವೆ.

ಒಂದು ಮದನಿಕೆ, ನಾಲ್ಕು ತರಗತಿ

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನ ಕೆಳಗೆ, ಕಂಬದ ತಲೆಯಿಂದ ಓರೆಯಾಗಿ ಮುಂದಕ್ಕೆ ಬಾಗಿ ನಿಂತಿರುವ ಮದನಿಕೆಯರನ್ನು ನೋಡದವರು ಕಡಿಮೆ. ವಿಷ್ಣುವರ್ಧನನ ಕಾಲದ, 1117ರ ಗುಡಿ. ಕನ್ನಡಿ ಹಿಡಿದ ದರ್ಪಣಸುಂದರಿಯನ್ನೇ ತೆಗೆದುಕೊಳ್ಳಿ. ನಾಲ್ಕು ವಿಭಾಗಗಳ ವಿದ್ಯಾರ್ಥಿಗಳನ್ನು ಅವಳ ಮುಂದೆ ನಿಲ್ಲಿಸಿದರೆ ನಾಲ್ವರೂ ನಾಲ್ಕು ಕೆಲಸ ಮಾಡುತ್ತಾರೆ.

ಕಲಾಶಾಲೆಯ ವಿದ್ಯಾರ್ಥಿ ಪೆನ್ಸಿಲ್ ತೆಗೆಯುತ್ತಾನೆ. ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ಹೊರಳಿದೆ, ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರವನ್ನು ಹಿಂದಿನ ಕಲ್ಲಿನಿಂದ ಎಷ್ಟು ಆಳಕ್ಕೆ ಕೊರೆದು ಬಿಡಿಸಿದ್ದಾರೆ, ಇಷ್ಟು ಸಣ್ಣ ಬಳೆ ಕೆತ್ತಲು ಬಳಪದ ಕಲ್ಲಿನ ಮೃದುತ್ವ ಹೇಗೆ ನೆರವಾಯಿತು ಎಂಬುದು ಅವನ ಪ್ರಶ್ನೆ. ಪುರಾತತ್ವದ ವಿದ್ಯಾರ್ಥಿನಿಯ ಕಣ್ಣು ಪೀಠಕ್ಕೆ ಹೋಗುತ್ತದೆ. ಅಲ್ಲಿ ರೂವಾರಿಯ, ಅಂದರೆ ಕೆತ್ತಿದ ಶಿಲ್ಪಿಯ ಹೆಸರಿದೆಯೇ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ಹೆಸರು, ಊರು, ಬಿರುದು ಸಮೇತ ಸಹಿ ಮಾಡಿದ್ದಾರೆ. ಅದನ್ನು ಓದಲು ಲಿಪಿ ಬರಬೇಕು, ಹಳಗನ್ನಡ ಬರಬೇಕು. ಆ ಹೆಸರು ಬೇರೆ ಯಾವ ಗುಡಿಯಲ್ಲಿದೆ, ಕುಶಲಕರ್ಮಿಗಳು ಊರಿಂದೂರಿಗೆ ಹೇಗೆ ಹೋದರು ಎಂದು ಆಕೆ ಜೋಡಿಸುತ್ತಾಳೆ.

ಮೂರನೆಯವರು ಜೆಎನ್‌ಯು ಮಾದರಿಯ ವಿಭಾಗದಿಂದ ಬಂದವರು. ಅವರಿಗೆ ಮದನಿಕೆಗಿಂತ ಅವಳ ಚಿತ್ರದ ಪಯಣ ಮುಖ್ಯ: 1850ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿಗಳು ಹೊಯ್ಸಳ ಗುಡಿಗಳ ಫೋಟೊ ತೆಗೆದರು, ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಗುಡಿಯ ಎದುರು ಇಟ್ಟು ತೂಗಿದ, ಆಮೇಲೆ ಅದೇ ಮದನಿಕೆ ಪ್ರವಾಸೋದ್ಯಮದ ಪೋಸ್ಟರಿಗೂ ಗಂಧದ ಗೊಂಬೆಗೂ ಬಂದಳು. ಯಾರ ಕಣ್ಣು, ಯಾವ ಉದ್ದೇಶ ಎಂಬುದೇ ಅಲ್ಲಿನ ಚರ್ಚೆ. ನಾಲ್ಕನೆಯವರು ಮ್ಯೂಸಿಯಾಲಜಿ (ವಸ್ತುಸಂಗ್ರಹಾಲಯ ನಡೆಸುವ ವಿದ್ಯೆ) ಅಥವಾ ಸಂರಕ್ಷಣೆ ಓದುವವರು. ಕಲ್ಲಿನ ಮೇಲೆ ಪಾಚಿಯೋ ಎಣ್ಣೆಯೋ, ಬಿರುಕು ಹಳೆಯದೋ ಹೊಸದೋ, ವಿಗ್ರಹಕ್ಕೆ ದಾಖಲಾತಿ ಹಾಳೆ ಬರೆದರೆ ಅದರಲ್ಲಿ ಯಾವ ಯಾವ ಕಲಂ ಇರಬೇಕು ಎಂದು ನೋಡುತ್ತಾರೆ.

ಈ ನಾಲ್ಕರಲ್ಲಿ ಯಾವ ಕೆಲಸ ನೀವು ಸಂಬಳವಿಲ್ಲದಿದ್ದರೂ ಮಾಡುತ್ತಿದ್ದಿರಿ? ದಾರಿ ಆರಿಸಲು ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಕಲಾಶಾಲೆಯ ದಾರಿ: ಬಿವಿಎ, ಎಂವಿಎ

ಬಿವಿಎ (ದೃಶ್ಯಕಲೆಯ ಪದವಿ) 4 ವರ್ಷ, ಎಂವಿಎ (ಅದರ ಸ್ನಾತಕೋತ್ತರ) 2 ವರ್ಷ. ಮೊದಲ ವರ್ಷ ಫೌಂಡೇಷನ್: ಕಲಾ ಇತಿಹಾಸ ಆರಿಸುವವರೂ ಉಳಿದವರ ಜೊತೆ ಡ್ರಾಯಿಂಗ್, ಬಣ್ಣ, ಜೇಡಿಮಣ್ಣು, ಪ್ರಿಂಟ್ ಎಲ್ಲವನ್ನೂ ಮಾಡಬೇಕು. ಎರಡನೇ ವರ್ಷದಿಂದ ವಿಭಾಗ ಬೇರೆಯಾಗುತ್ತದೆ.

ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯ 1950ರಲ್ಲಿ ಶುರುವಾಯಿತು. ಕಲಾವಿದರಾಗಲು ಬಂದವರೂ ಕಲೆಯ ಇತಿಹಾಸವನ್ನು ಗಂಭೀರವಾಗಿ ಓದಬೇಕು, ಇತಿಹಾಸ ಓದುವವರು ಸ್ಟುಡಿಯೊ ಪಕ್ಕದಲ್ಲೇ ಇರಬೇಕು ಎಂಬುದು ಅಲ್ಲಿನ ಹಳೆಯ ರೂಢಿ. ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಕ್ಕೆ ಅಲ್ಲಿ ಸ್ವತಂತ್ರ ವಿಭಾಗವಿದೆ, ಪದವಿ ಹಂತದಿಂದಲೇ. ಆಧುನಿಕ ಭಾರತೀಯ ಕಲೆಯ ಬಗ್ಗೆ ಬರೆಯಬೇಕು, ಇವತ್ತಿನ ಕಲಾವಿದರ ಜೊತೆ ಕೆಲಸ ಮಾಡಬೇಕು ಎನ್ನುವವರಿಗೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗುವುದು ಕಷ್ಟ. ಸಹಪಾಠಿಗಳೇ ಮುಂದೆ ಕಲಾವಿದರು, ಗ್ಯಾಲರಿಯವರು, ಕ್ಯುರೇಟರುಗಳು ಆಗುತ್ತಾರೆ. ಪಠ್ಯಕ್ಕಿಂತ ಆ ಪರಿಚಯವೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಆದರೆ ಅದು ರಾಜ್ಯ ವಿಶ್ವವಿದ್ಯಾಲಯ. ಹೊರರಾಜ್ಯದವರ ಸೀಟು, ಹಾಸ್ಟೆಲ್, ಅರ್ಜಿಯ ದಿನಾಂಕ ಎಲ್ಲವನ್ನೂ ಅವರ ಜಾಲತಾಣದಲ್ಲೇ ನೋಡಬೇಕು.

ಶಾಂತಿನಿಕೇತನದ ಕಲಾಭವನ 1919ರದ್ದು. ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್ ಅವರ ಭಿತ್ತಿಚಿತ್ರ, ಶಿಲ್ಪಗಳು ಕ್ಯಾಂಪಸ್ಸಿನಲ್ಲೇ ಮಳೆ ಬಿಸಿಲಿಗೆ ನಿಂತಿವೆ. ತರಗತಿಗೆ ಹೋಗುವ ದಾರಿಯೇ ಪಾಠ. ಬಂಗಾಳದ ಕಲೆ, ರಾಷ್ಟ್ರೀಯತೆ, ಜಪಾನಿನ ಜೊತೆಗಿನ ಕೊಡುಕೊಳೆ ಇವುಗಳಲ್ಲಿ ಆಸಕ್ತಿ ಇದ್ದವರಿಗೆ ಇದು ಸರಿ. ಬಂಗಾಳಿ ಕಲಿಯದೆ ಅಲ್ಲಿ ಸಂಶೋಧನೆ ಆಳಕ್ಕೆ ಇಳಿಯದು ಎಂಬುದನ್ನು ಮಾತ್ರ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು ಇದೆ. ಹಾಜರಾತಿ ಮುಗಿದ ಮೇಲೆ ಒಂದು ಬಸ್ಸಿನ ದೂರದಲ್ಲಿ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ವೆಂಕಟಪ್ಪ ಗ್ಯಾಲರಿ ಇರುವುದು ಇದರ ಲಾಭ. ಪರಿಷತ್ತಿನ ಆವರಣದಲ್ಲೇ ರಷ್ಯಾ ಮೂಲದ ರೋರಿಕ್ ಅವರ ಚಿತ್ರಗಳಿವೆ, ಕೇಜ್ರಿವಾಲ್ ಸಂಗ್ರಹವಿದೆ, ಮೈಸೂರು ಸಾಂಪ್ರದಾಯಿಕ ಚಿತ್ರಗಳಿವೆ, ತೊಗಲುಗೊಂಬೆಗಳಿವೆ. ಇಷ್ಟನ್ನೂ ಕಣ್ಣಿನಿಂದ ನೋಡದೆ ಸ್ಲೈಡಿನಲ್ಲಿ ನೋಡಿ ಪಾಸಾಗುವ ವಿದ್ಯಾರ್ಥಿಗಳು ಎಷ್ಟೋ ಜನ. ಅದು ಕಾಲೇಜಿನ ತಪ್ಪಲ್ಲ.

ಪ್ರವೇಶಕ್ಕೆ ಸಾಮಾನ್ಯವಾಗಿ ಆಪ್ಟಿಟ್ಯೂಡ್ ಟೆಸ್ಟ್ ಇರುತ್ತದೆ: ಎದುರಿಟ್ಟ ವಸ್ತುಗಳ ಡ್ರಾಯಿಂಗ್, ನೆನಪಿನಿಂದ ಒಂದು ದೃಶ್ಯದ ಸಂಯೋಜನೆ, ಸ್ವಲ್ಪ ಸಾಮಾನ್ಯ ಜ್ಞಾನ, ಆಮೇಲೆ ಸಂದರ್ಶನ. ಹಲವೆಡೆ ನಿಮ್ಮ ಕೆಲಸಗಳ ಫೋಲಿಯೊ ಕೇಳುತ್ತಾರೆ. ಕಲಾ ಇತಿಹಾಸಕ್ಕೇ ಹೋಗುವವರು ಫೋಲಿಯೊದಲ್ಲಿ ಕ್ಯಾಲೆಂಡರ್ ನೋಡಿ ಬಿಡಿಸಿದ ಚಿತ್ರಗಳನ್ನು ತುಂಬುವ ಬದಲು, ಊರಿನ ಗುಡಿಯ ಒಂದು ಕಂಬವನ್ನು ಮೂರು ಕೋನದಿಂದ ಬಿಡಿಸಿ, ಪಕ್ಕದಲ್ಲಿ ಹತ್ತು ಸಾಲು ಬರೆದಿಟ್ಟರೆ ಸಂದರ್ಶಕರು ಅದರ ಮೇಲೇ ಮಾತು ತೆಗೆಯುತ್ತಾರೆ.

ಈ ದಾರಿಯಲ್ಲಿ ಎಡವುವುದು ಹೀಗೆ: ಪೇಂಟಿಂಗ್ ಸಿಗಲಿಲ್ಲ, ಅಪ್ಲೈಡ್ ಆರ್ಟ್ ಸಿಗಲಿಲ್ಲ, ಉಳಿದದ್ದು ಇದೇ ಎಂದು ಕಲಾ ಇತಿಹಾಸಕ್ಕೆ ಸೇರುವುದು. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ವಾರಕ್ಕೆ ನೂರು ಪುಟ ಇಂಗ್ಲಿಷ್ ಓದು, ತಿಂಗಳಿಗೊಂದು ಪ್ರಬಂಧ ಎದುರಾದಾಗ ಕೈ ಸೋಲುತ್ತದೆ. ಇನ್ನೊಂದು ಕೊರತೆ ವಿಭಾಗದ್ದೇ. ಕಲಾಶಾಲೆಯಲ್ಲಿ ಶಾಸನ, ನಾಣ್ಯ, ರಾಜಕೀಯ ಇತಿಹಾಸ ತೆಳ್ಳಗಿರುತ್ತದೆ. ಚಾಲುಕ್ಯ ಶೈಲಿ, ಹೊಯ್ಸಳ ಶೈಲಿ ಎಂದು ಅಚ್ಚುಕಟ್ಟಾಗಿ ಬೇರ್ಪಡಿಸಿ ಬರೆಯುವವರಿಗೆ ಆ ಗುಡಿಗೆ ಭೂಮಿ ಬಿಟ್ಟವರು ಯಾರು ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಇತಿಹಾಸ, ಪುರಾತತ್ವದ ದಾರಿ

ಕನ್ನಡ ಓದುಗರಿಗೆ ಈ ದಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮಗಿಲ್ಲಿ ಹುಟ್ಟಿನಿಂದ ಬಂದ ಒಂದು ಅನುಕೂಲವಿದೆ.

ಬಿಎದಲ್ಲಿ ಇತಿಹಾಸ ಓದಿ, ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದ ಕಡೆ ಹೊರಳುವುದು ಈ ದಾರಿಯ ಸಾಮಾನ್ಯ ಸ್ವರೂಪ. ಪದವಿಯ ಹೆಸರಿನಲ್ಲಿ 'ಕಲೆ' ಎಂಬ ಪದ ಇರದೇ ಇರಬಹುದು. ಆದರೆ ಕರ್ನಾಟಕದ ದೇವಾಲಯ, ಮೂರ್ತಿಶಿಲ್ಪದ ಬಗ್ಗೆ ಇಲ್ಲಿಯವರೆಗೆ ನಡೆದ ಗಟ್ಟಿ ಕೆಲಸದಲ್ಲಿ ದೊಡ್ಡ ಪಾಲು ಬಂದಿರುವುದು ಈ ವಿಭಾಗಗಳಿಂದಲೇ. ಹೊಯ್ಸಳ ಗುಡಿಗಳ ಬಗ್ಗೆ ಬರೆದ ಷ. ಶೆಟ್ಟರ್ ಧಾರವಾಡದಲ್ಲಿ ಇತಿಹಾಸ ಮತ್ತು ಪುರಾತತ್ವ ಕಲಿಸಿದವರು.

ಲಾಭ ಎಲ್ಲಿದೆ ಎಂದು ತೋರಿಸಲು ಎರಡು ಉದಾಹರಣೆ ಸಾಕು. ಬಾದಾಮಿಯ 3ನೇ ಗುಹೆಗೆ ಖಚಿತ ಕಾಲವಿದೆ: ಮಂಗಳೇಶನ ಶಾಸನ, ಶಕ 500, ಅಂದರೆ ಕ್ರಿ.ಶ. 578. ಆ ಒಂದು ದಿನಾಂಕವನ್ನು ಮೊಳೆಯಂತೆ ಹೊಡೆದುಕೊಂಡ ಮೇಲೆಯೇ ಸುತ್ತಲಿನ ಗುಹೆಗಳ ಹಿಂದುಮುಂದು ಹೇಳಲು ಸಾಧ್ಯ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎರಡನೇ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಅದರ ಸೂತ್ರಧಾರಿ, ಅಂದರೆ ಮುಖ್ಯ ವಾಸ್ತುಶಿಲ್ಪಿ, ಗುಂಡ ಅನಿವಾರಿತಾಚಾರಿ ಎಂಬುದು ನಮಗೆ ಗೊತ್ತಿರುವುದೂ ಅಲ್ಲಿನ ಶಾಸನಗಳಿಂದ. ಕಂಚಿಯ ಕೈಲಾಸನಾಥಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಕಲಾಶಾಲೆಯವರು ಕಣ್ಣಿನಿಂದ ಹಿಡಿಯುತ್ತಾರೆ. ಆ ಹೋಲಿಕೆ ಏಕೆ ಬಂತು ಎಂಬುದಕ್ಕೆ ಶಾಸನ ಬೇಕು.

ಲಿಪಿ ಕಲಿಯಲು ಎಂಎ ತನಕ ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಕಲಾ ಇತಿಹಾಸವನ್ನು ಎಲ್ಲೇ ಓದಿ, ಈ ಒಂದು ಡಿಪ್ಲೊಮಾ ಜೊತೆಗಿದ್ದರೆ ದೆಹಲಿಯಲ್ಲಿ ಓದಿದ ಸಹಪಾಠಿಗಿಂತ ನೀವು ಒಂದು ಹೆಜ್ಜೆ ಮುಂದೆ. ಶಾಸನಗಳ ಪಾಠ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚಾಗಿ ಸಿಗುತ್ತದೆ. ಆದರೂ ಕಲ್ಲಿನ ಮೇಲೆ ಬೆರಳಾಡಿಸಿ ಓದಲು ಬರುವವರು ಅಚ್ಚಿನಲ್ಲಿ ಬಿಟ್ಟುಹೋದದ್ದನ್ನು ಹಿಡಿಯುತ್ತಾರೆ.

ಕನ್ನಡದಲ್ಲೇ ಬರೆದು ಪಿಎಚ್‌ಡಿ ಪಡೆಯುವ ಆಸೆ ಇದ್ದವರಿಗೆ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಸಹಜ ಆಯ್ಕೆ. ವಿಜಯನಗರದ ಅವಶೇಷಗಳು ಪಕ್ಕದಲ್ಲೇ ಇವೆ. ಅದರ ಬೆಲೆಯೂ ಇದೆ: ಪ್ರಬಂಧ ಕನ್ನಡದಲ್ಲಿದ್ದರೆ ಹೊರರಾಜ್ಯದ ಸಂದರ್ಶನ ಸಮಿತಿ ಅದನ್ನು ಓದುವುದಿಲ್ಲ. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಗಟ್ಟಿ ಲೇಖನ ಪ್ರಕಟಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಈ ದಾರಿಯ ದೌರ್ಬಲ್ಯ ಕಣ್ಣಿನದು. ಪ್ರತಿಮಾಲಕ್ಷಣದ ಪಟ್ಟಿ ಬಾಯಿಪಾಠ ಬರುತ್ತದೆ: ಶಂಖ ಯಾವ ಕೈಯಲ್ಲಿ, ಚಕ್ರ ಯಾವ ಕೈಯಲ್ಲಿ, ಆದ್ದರಿಂದ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳಾದ ಚತುರ್ವಿಂಶತಿ ಮೂರ್ತಿಗಳಲ್ಲಿ ಇದು ಯಾವುದು. ಗುರುತಿಸಿದ ಮೇಲೆ ಮುಂದೇನು ಎಂದರೆ ಮೌನ. ಆಧುನಿಕ ಕಲೆ ಪಠ್ಯದಲ್ಲಿ ಹೆಸರಿಗಷ್ಟೇ ಇರುತ್ತದೆ. ಚಿತ್ರಕಲಾವಿದರಾದ ಹೆಬ್ಬಾರರ ಗೆರೆಯ ಬಗ್ಗೆ, ವೆಂಕಟಪ್ಪನವರ ಜಲವರ್ಣದ ಬಗ್ಗೆ ಬರೆಯಬೇಕೆನ್ನುವವರು ಈ ವಿಭಾಗಗಳಿಗೆ ಬಂದರೆ ಮಾರ್ಗದರ್ಶಕರೇ ಸಿಗುವುದಿಲ್ಲ.

ಜೆಎನ್‌ಯು, ಹೈದರಾಬಾದ್, ಬನಾರಸ್

ಜೆಎನ್‌ಯುವಿನ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್ 2001ರಲ್ಲಿ ಶುರುವಾದದ್ದು. ಎಂಎದಲ್ಲಿ ದೃಶ್ಯಕಲೆ, ರಂಗಭೂಮಿ ಮತ್ತು ಪ್ರದರ್ಶನ ಅಧ್ಯಯನ, ಸಿನಿಮಾ ಅಧ್ಯಯನ ಮೂರೂ ಒಂದೇ ಸೂರಿನಡಿ. ಪ್ರವೇಶ ಸಿಯುಇಟಿ–ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಬಿಎ, ಬಿಎಸ್ಸಿ, ಬಿಇ, ಯಾವುದರಿಂದ ಬಂದವರೂ ಇಲ್ಲಿ ಸಿಗುತ್ತಾರೆ. ಚಿತ್ರ ಬಿಡಿಸಲು ಬರಬೇಕಿಲ್ಲ, ಆದರೆ ವಾದ ಕಟ್ಟಲು ಬರಲೇಬೇಕು. ಯಕ್ಷಗಾನದ ವೇಷದ ಬಗ್ಗೆಯೋ, ಕನ್ನಡ ಸಿನಿಮಾ ಪೋಸ್ಟರುಗಳ ಬಗ್ಗೆಯೋ, ಚೌಡಯ್ಯನವರ ಹೆಸರಿನ ಪಿಟೀಲಾಕಾರದ ಸಭಾಂಗಣದ ಬಗ್ಗೆಯೋ ಗಂಭೀರವಾಗಿ ಬರೆಯಬೇಕೆನ್ನುವವರಿಗೆ ಇಷ್ಟು ಸಲೀಸಾಗಿ ಅವಕಾಶ ಕೊಡುವ ವಿಭಾಗಗಳು ಕಡಿಮೆ. ತೊಂದರೆ ಎಂದರೆ ಸಿದ್ಧಾಂತದ ಭಾರ. ಮೊದಲ ಸೆಮಿಸ್ಟರಿನಲ್ಲಿ ಓದಲು ಕೊಡುವ ಬರಹಗಳು ಕನ್ನಡ ಮಾಧ್ಯಮದಿಂದ ಬಂದವರನ್ನು ಹೆದರಿಸುತ್ತವೆ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುವುದು ಅಸಹಜವೇನಲ್ಲ. ಓದುತ್ತಾ ಪ್ರತಿ ಪ್ಯಾರಾದ ಸಾರವನ್ನು ಅಂಚಿನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಎರಡನೇ ಸೆಮಿಸ್ಟರಿಗೆ ವೇಗ ಬರುತ್ತದೆ.

ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಕಲೆ ಮತ್ತು ಸಂವಹನ ಶಾಲೆ, ಕಲಾಶಾಲೆಗೂ ಜೆಎನ್‌ಯು ಮಾದರಿಗೂ ನಡುವೆ ನಿಲ್ಲುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಊರೂ ಹತ್ತಿರ. ಬಹಮನಿ ಮತ್ತು ದಖನಿ ಕಲೆ ನೋಡಬೇಕೆನ್ನುವವರಿಗೆ ಹೈದರಾಬಾದ್, ಬೀದರ್, ವಿಜಯಪುರ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬಿದರಿ ಕೆಲಸದಿಂದ ಗೋಳಗುಮ್ಮಟದವರೆಗೆ ಇಲ್ಲಿ ಮಾಡಲು ಇನ್ನೂ ಬೇಕಾದಷ್ಟು ಬಾಕಿ ಇದೆ. ಪರ್ಷಿಯನ್ ಕಲಿಯುವ ಮನಸ್ಸಿದ್ದರೆ ಸ್ಪರ್ಧೆಯೂ ಕಡಿಮೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸಕ್ಕೆ ಪ್ರತ್ಯೇಕ ವಿಭಾಗವಿದೆ, ಕ್ಯಾಂಪಸ್ಸಿನಲ್ಲೇ ಭಾರತ ಕಲಾಭವನ ವಸ್ತುಸಂಗ್ರಹಾಲಯವಿದೆ. ಮಿನಿಯೇಚರ್ ಚಿತ್ರಗಳ (ಸಣ್ಣ ಅಳತೆಯ ಸೂಕ್ಷ್ಮ ವರ್ಣಚಿತ್ರಗಳ) ಮೇಲೆ ಕೆಲಸ ಮಾಡುವವರಿಗೆ ಇದು ಸಣ್ಣ ಭಾಗ್ಯವಲ್ಲ. ಹಿಂದಿ ಬಳಕೆ ಹೆಚ್ಚು ಎಂಬುದನ್ನು ಮಾತ್ರ ಗಮನದಲ್ಲಿಡಿ.

ವಸ್ತುಸಂಗ್ರಹಾಲಯದ ದಾರಿ

ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 1989ರಲ್ಲಿ ಹುಟ್ಟಿದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೊಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂಬ ಹೆಸರಿನಲ್ಲಿದೆ. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರರಲ್ಲೂ ಎಂಎ ಇದೆ. ಈ ಮೂರನ್ನು ಒಂದೇ ಎಂದುಕೊಂಡು ಅರ್ಜಿ ಹಾಕುವವರಿದ್ದಾರೆ. ಕಲಾ ಇತಿಹಾಸ ಓದಿದವರು ವಸ್ತುವಿನ ಬಗ್ಗೆ ಬರೆಯುತ್ತಾರೆ. ಮ್ಯೂಸಿಯಾಲಜಿಯವರು ಅದು ಕಪಾಟಿಗೆ ಬಂದಾಗಿನಿಂದ ಪ್ರದರ್ಶನಕ್ಕೆ ಹೋಗುವವರೆಗಿನ ವ್ಯವಸ್ಥೆ ನೋಡುತ್ತಾರೆ. ಸಂರಕ್ಷಣೆಯವರು ಅದನ್ನು ಮುಟ್ಟುತ್ತಾರೆ, ಹಾಗಾಗಿ ಅಲ್ಲಿ ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಮೇಲುಗೈ. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಚಿತ್ರಕಲೆಯ ಕಡೆ ವಾಲಿದವರು ಸಂರಕ್ಷಣೆಯನ್ನು ಯೋಚಿಸಿ ನೋಡಬೇಕು. ಕೆಲಸ ತಿಳಿದವರು ಕಡಿಮೆ, ಹಾಳಾಗುತ್ತಿರುವ ಚಿತ್ರಗಳು ಸಾವಿರ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೇ ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಎರಡು ವರ್ಷದ ಓದಿಗೆ ಕೈ ಹಾಕುವ ಮುಂಚೆ ಅಂಥ ಕಡೆ ಕೆಲವು ವಾರ ಇಂಟರ್ನಿಯಾಗಿ, ದಿನವಿಡೀ ಹತ್ತಿಯ ಕಡ್ಡಿ ಹಿಡಿದು ಅಂಗೈಯಗಲ ಜಾಗ ಸ್ವಚ್ಛ ಮಾಡುವ ತಾಳ್ಮೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಹೊರದೇಶ

ಬ್ರಿಟನ್ನಿನಲ್ಲಿ ಎಂಎ ಒಂದು ವರ್ಷದೊಳಗೆ ಮುಗಿಯುತ್ತದೆ. ಲಂಡನ್ನಿನ ಕೋರ್ಟಾಲ್ಡ್ ಯುರೋಪಿನ ಕಲೆಗೆ ಹೆಸರುವಾಸಿ, ಸೋಯಾಸ್ ಏಷ್ಯಾದ ಕಲೆಗೆ. ಚಾಲುಕ್ಯ ಗುಡಿ ಓದಲು ಕೋರ್ಟಾಲ್ಡಿಗೆ ಹೋಗುವುದು ದುಡ್ಡಿನ ದಂಡ. ಶುಲ್ಕವೇ ಹತ್ತಾರು ಲಕ್ಷ ದಾಟುವುದರಿಂದ ಫೆಲಿಕ್ಸ್, ಇನ್ಲಾಕ್ಸ್, ಚೀವ್ನಿಂಗ್, ಕಾಮನ್‌ವೆಲ್ತ್ ಯಾವುದಾದರೊಂದು ವಿದ್ಯಾರ್ಥಿವೇತನ ಇಲ್ಲದೆ, ಸಾಲ ಮಾಡಿ ಹೋಗುವ ಸಲಹೆ ನಾವು ಕೊಡುವುದಿಲ್ಲ. ಈ ವಿಷಯದ ಆರಂಭದ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ದಕ್ಷಿಣ ಏಷ್ಯಾದ ಅಧ್ಯಯನಕ್ಕೆ ಹೆಸರಾದ ಹೈಡೆಲ್‌ಬರ್ಗ್ ಇರುವುದು ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ವೀಸಾಗೆ ವರ್ಷದ ಖರ್ಚಿನ ಹಣ, ಸುಮಾರು 12,000 ಯೂರೊ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಖಾತೆಯಲ್ಲಿ ತೋರಿಸಬೇಕು. ಕಲಾ ಇತಿಹಾಸದ ಎಂಎಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ, ಟ್ರಾನ್ಸ್‌ಕಲ್ಚರಲ್ ಸ್ಟಡೀಸ್‌ನಂಥ ಕೆಲವು ಮಾತ್ರ ಇಂಗ್ಲಿಷಿನಲ್ಲಿವೆ. ಇತಿಹಾಸದ ಬಿಎ ಮಾಡಿದವರಿಗೆ ಅಲ್ಲಿ ಎದುರಾಗುವ ಅಡ್ಡಿ ಬೇರೆಯೇ: ಪದವಿಯಲ್ಲಿ ಕಲಾ ಇತಿಹಾಸಕ್ಕೆ ಇಷ್ಟು ಕ್ರೆಡಿಟ್ ಇರಬೇಕು ಎಂಬ ಷರತ್ತು.

ಅಮೆರಿಕದಲ್ಲಿ ಎಂಎಗಿಂತ ಪಿಎಚ್‌ಡಿಯೇ ಲೆಕ್ಕಕ್ಕೆ ಸರಿ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಮನ್ನಾ ಮಾಡಿ, ಐದಾರು ವರ್ಷ ಜೀವನವೇತನ ಕೊಡುತ್ತಾರೆ. ಇಂಗ್ಲಿಷ್ ಬಿಟ್ಟು ಇನ್ನೂ ಒಂದೆರಡು ಸಂಶೋಧನಾ ಭಾಷೆ ಕೇಳುತ್ತಾರೆ. ಇಲ್ಲಿ ಹಳಗನ್ನಡ, ಸಂಸ್ಕೃತ ಬಲ್ಲವರ ಅರ್ಜಿಗೆ ತೂಕ ಹೆಚ್ಚು. ಆದರೆ ಅಲ್ಲಿ ಹಲವೆಡೆ ಕೇಳುವ, ಶಾಲೆಯಿಂದ ಪದವಿಯವರೆಗಿನ 16 ವರ್ಷದ ಓದಿನ ಲೆಕ್ಕ ಮರೆಯಬೇಡಿ. ಕರ್ನಾಟಕ 2024–25ರಿಂದ ಮತ್ತೆ 3 ವರ್ಷದ ಪದವಿಗೆ ಮರಳಿದೆ. ಬಿಎ ಮಾತ್ರ ಮುಗಿಸಿದವರದು 15 ವರ್ಷ, ಬಿವಿಎ ಮುಗಿಸಿದವರದು 16. ಬಿಎಯವರು ಇಲ್ಲಿ ಎಂಎ ಮುಗಿಸಿಕೊಂಡೇ ಅರ್ಜಿ ಹಾಕುವುದು ಕ್ಷೇಮ.

ಹಣ, ನೆಟ್, ನೌಕರಿ

ದೇಶದೊಳಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕ ಕಡಿಮೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಲಕ್ಷಗಳ ಮಾತು. ಎರಡೂ ಕಡೆ ಕಾಣದ ಖರ್ಚು ಪ್ರವಾಸದ್ದು. ಈ ವಿಷಯವನ್ನು ಕೋಣೆಯಲ್ಲಿ ಕೂತು ಓದಲಾಗುವುದಿಲ್ಲ. ವರ್ಷಕ್ಕೆ ಕನಿಷ್ಠ ಎರಡು ಸುತ್ತಿಗೆ ದುಡ್ಡು ಎತ್ತಿಡಬೇಕು. ಸ್ಮಾರಕಗಳಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ಫೋಟೊ ತೆಗೆಯಬಹುದು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಗರ್ಭಗುಡಿಯ ಹತ್ತಿರದ ಕತ್ತಲಿನ ಫೋಟೊ ಇಲ್ಲದೆ ಪ್ರಬಂಧ ನಿಂತುಹೋಗುವುದು ಇದರಿಂದಲೇ. ವಿಭಾಗದ ಪತ್ರದೊಂದಿಗೆ ತಿಂಗಳ ಮುಂಚೆ ಅರ್ಜಿ ಕೊಡಿ. ನೀವು ಹೋಗಲಾಗದ ಗುಡಿಗಳಿಗೆ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಚಿತ್ರಸಂಗ್ರಹ ಆನ್‌ಲೈನಿನಲ್ಲಿದೆ.

ಕಾಲೇಜು ಅಧ್ಯಾಪಕರಾಗಲು ಮತ್ತು ಪಿಎಚ್‌ಡಿಗೆ ಬರೆಯುವ ಅರ್ಹತಾ ಪರೀಕ್ಷೆ ಯುಜಿಸಿ–ನೆಟ್‌ನಲ್ಲಿ ಕಲಾ ಇತಿಹಾಸಕ್ಕೆ ಸ್ವತಂತ್ರ ಪತ್ರಿಕೆ ಇಲ್ಲ. ಅದು ವಿಷುವಲ್ ಆರ್ಟ್ (ವಿಷಯ ಸಂಖ್ಯೆ 79) ಪತ್ರಿಕೆಯೊಳಗಿನ ಒಂದು ಐಚ್ಛಿಕ ಭಾಗ. ಹಾಗಾಗಿ ಜೆಎನ್‌ಯು ಅಥವಾ ಇತಿಹಾಸ ವಿಭಾಗದಿಂದ ಬಂದವರು ಪ್ರಿಂಟ್‌ಮೇಕಿಂಗ್ ವಿಧಾನ, ವರ್ಣಸಿದ್ಧಾಂತದ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಪುರಾತತ್ವ (67), ಮ್ಯೂಸಿಯಾಲಜಿ ಮತ್ತು ಸಂರಕ್ಷಣೆ (66) ಬೇರೆ ಪತ್ರಿಕೆಗಳು. ಸ್ನಾತಕೋತ್ತರದಲ್ಲಿ 55% (ಮೀಸಲಾತಿ ವರ್ಗಗಳಿಗೆ 50%) ಬೇಕು. 4 ವರ್ಷದ ಪದವಿಯಲ್ಲಿ 75% ತೆಗೆದವರು ಪಿಎಚ್‌ಡಿಗಾಗಿ ನೇರವಾಗಿ ನೆಟ್ ಬರೆಯಬಹುದು, ಬಿವಿಎ ಓದುವವರು ಇದನ್ನು ನೆನಪಿಡಿ. ನೆಟ್ ಮೂಲಕ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಈ ಕ್ಷೇತ್ರದ ಎಷ್ಟೋ ಆರಂಭಿಕ ಕೆಲಸಗಳ ಸಂಬಳಕ್ಕಿಂತ ಅದೇ ಹೆಚ್ಚು.

ನೌಕರಿಯಲ್ಲಿ ಮೋಸ ಹೋಗುವುದು ಅಂಕಪಟ್ಟಿಯ ಮೇಲಿನ ಹೆಸರಿನಿಂದ. ನೇಮಕಾತಿ ಅಧಿಸೂಚನೆಗಳು ವಿಷಯದ ಹೆಸರನ್ನೇ ಹಿಡಿದು ಅರ್ಹತೆ ಹೇಳುತ್ತವೆ. 'ಇತಿಹಾಸ ಅಥವಾ ಪುರಾತತ್ವ' ಎಂದಿದ್ದಲ್ಲಿ 'ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್' ಎಂಬ ಎಂಎ ಸಮಾನವೋ ಅಲ್ಲವೋ ಎಂಬ ವಾದ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಸರ್ಕಾರಿ ಪುರಾತತ್ವ ಇಲಾಖೆಯ ಮೇಲೆ ಕಣ್ಣಿದ್ದರೆ ಅಂಥ ಹುದ್ದೆಯ ಹಿಂದಿನ ಮೂರು ಅಧಿಸೂಚನೆ ಇಳಿಸಿಕೊಂಡು, ಅರ್ಹತೆಯ ಸಾಲು ಓದಿ, ಆಮೇಲೆ ಪದವಿ ಆರಿಸಿ. ಕಲಾ ಕಾಲೇಜುಗಳಲ್ಲಿ ಇದು ತಿರುವುಮುರುವು. ಪ್ರತಿ ಬಿವಿಎ ಕಾಲೇಜಿಗೂ ಥಿಯರಿ ಪತ್ರಿಕೆಗೆ ಒಬ್ಬರು ಬೇಕು, ಎಂವಿಎ ಇದ್ದವರಿಗೆ ಆದ್ಯತೆ, ಆದರೆ ಹುದ್ದೆ ಹೆಚ್ಚಾಗಿ ಅತಿಥಿ ಉಪನ್ಯಾಸಕರದ್ದು. ಖಾಸಗಿ ವಸ್ತುಸಂಗ್ರಹಾಲಯ, ಗ್ಯಾಲರಿ, ಮುಂಬೈನ ಹರಾಜು ಸಂಸ್ಥೆಗಳು ಪದವಿಯ ಹೆಸರು ಅಷ್ಟಾಗಿ ನೋಡುವುದಿಲ್ಲ. 150 ಪದಗಳಲ್ಲಿ ಒಂದು ಕೃತಿಯ ಟಿಪ್ಪಣಿ ತಪ್ಪಿಲ್ಲದೆ ಬರೆಯಬಲ್ಲಿರಾ, ಸಾವಿರ ಕೃತಿಗಳ ಎಕ್ಸೆಲ್ ಪಟ್ಟಿಯನ್ನು ಅಚ್ಚುಕಟ್ಟಾಗಿ ಇಡಬಲ್ಲಿರಾ ಎಂದು ನೋಡುತ್ತಾರೆ.

ಅರ್ಜಿ ಹಾಕುವ ಮುಂಚೆ

ವಿಭಾಗದ ಜಾಲತಾಣದ ಸುಂದರ ಮಾತುಗಳನ್ನು ಬಿಟ್ಟು, ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ತೆರೆಯಿರಿ. ಆ ವಿಶ್ವವಿದ್ಯಾಲಯ, ಆ ವಿಭಾಗ ಆರಿಸಿ, ಇತ್ತೀಚಿನ ಹತ್ತು ಪಿಎಚ್‌ಡಿ ಪ್ರಬಂಧಗಳ ಶೀರ್ಷಿಕೆ ಬರೆದುಕೊಳ್ಳಿ. ಮಾರ್ಗದರ್ಶಕರ ಹೆಸರೂ ಅಲ್ಲೇ ಇರುತ್ತದೆ. ಹತ್ತರಲ್ಲಿ ಮೂರಾದರೂ ನೀವೇ ಬರೆಯಬೇಕಿತ್ತು ಅನಿಸುವಂತಿರಬೇಕು. ಒಂದೂ ಇಲ್ಲದಿದ್ದರೆ ಆ ವಿಭಾಗ ಎಷ್ಟೇ ಹೆಸರಾಗಿರಲಿ, ನಿಮ್ಮದಲ್ಲ. ಬಳಿಕ ಆ ಮಾರ್ಗದರ್ಶಕರು ಇನ್ನೂ ಅಲ್ಲೇ ಇದ್ದಾರೆಯೇ, ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ವಿಚಾರಿಸಿ. ಇಬ್ಬರೇ ಅಧ್ಯಾಪಕರಿರುವ ವಿಭಾಗದಲ್ಲಿ ಒಬ್ಬರು ನಿವೃತ್ತರಾದರೆ ಅರ್ಧ ಪಠ್ಯಕ್ರಮ ಅತಿಥಿಗಳ ಪಾಲಾಗುತ್ತದೆ.

ಎರಡನೆಯದು ನಿಮ್ಮದೇ ಪರೀಕ್ಷೆ. ಹತ್ತಿರದ ಒಂದು ಗುಡಿ, ಮಸೀದಿ, ಭಿತ್ತಿಚಿತ್ರ ಯಾವುದಾದರೂ ಸರಿ. ಮೈಸೂರಿನ ಕಡೆಯವರಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್, ತುಮಕೂರಿನ ಕಡೆಯವರಿಗೆ ಸೀಬಿಯ ನರಸಿಂಹ ದೇವಾಲಯದ ಚಿತ್ರಗಳು ಸಾಕು. ಫೋನ್ ಚೀಲದಲ್ಲಿಟ್ಟು ಒಂದೇ ದೃಶ್ಯದ ಮುಂದೆ 40 ನಿಮಿಷ ನಿಂತು, ಕಂಡದ್ದನ್ನಷ್ಟೇ ಬರೆಯಿರಿ: ಯಾರು ಯಾರ ಕಡೆ ನೋಡುತ್ತಿದ್ದಾರೆ, ಬಣ್ಣ ಎಲ್ಲಿ ಹೊಸದಾಗಿ ಬಳಿದಂತಿದೆ, ದೊಡ್ಡದಾಗಿ ಬಿಡಿಸಿರುವುದು ಯಾರನ್ನು. ಮನೆಗೆ ಬಂದು ಅದನ್ನು ಇಂಗ್ಲಿಷಿನಲ್ಲಿ 1,000 ಪದಕ್ಕೆ ಏರಿಸಿ, ಮೂರು ಪ್ರಶ್ನೆಗಳನ್ನು ಉಳಿಸಿಕೊಳ್ಳಿ. ಹತ್ತನೇ ನಿಮಿಷಕ್ಕೇ ಬೇಸರವಾದರೆ ಕಲಾ ಇತಿಹಾಸ ಬೇಡ, ಪ್ರವಾಸವೇ ಸಾಕು. ಪ್ರಶ್ನೆಗಳೆಲ್ಲ ಕಟ್ಟಿಸಿದವರ, ಕಾಲದ ಸುತ್ತ ಇದ್ದರೆ ಧಾರವಾಡ, ಮೈಸೂರು, ಹಂಪಿ. ಗೆರೆ, ಬಣ್ಣ, ವಿಧಾನದ ಸುತ್ತ ಇದ್ದರೆ ಬರೋಡಾ, ಚಿತ್ರಕಲಾ ಪರಿಷತ್ತು. ಅದನ್ನು ಮತ್ತೆ ಬಳಿದವರು ಯಾರು, ಏಕೆ, ಈಗ ಅಲ್ಲಿಗೆ ಬರುವವರು ಏನು ನೋಡುತ್ತಾರೆ ಎಂದಿದ್ದರೆ ಜೆಎನ್‌ಯು, ಹೈದರಾಬಾದ್. ಪ್ಲಾಸ್ಟರ್ ಉದುರುವುದು ನಿಲ್ಲುವುದು ಹೇಗೆ ಎಂಬುದೇ ಮೊದಲ ಪ್ರಶ್ನೆಯಾಗಿದ್ದರೆ ನೊಯ್ಡಾ. ಆ 1,000 ಪದಗಳನ್ನು ಬಿಸಾಡಬೇಡಿ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಕೇಳಿದಾಗ ಅದರ ಮೊದಲ ಪ್ಯಾರಾ ಅಲ್ಲಿಂದಲೇ ಬರುತ್ತದೆ.